ತಾಗಿಸಿ ಹೋಗುವುದು ಬೇರೆ, ಗೋಡೆಗೆ ಹಾಕುವುದು ಬೇರೆ

ಓದುಗರ ಪ್ರಶ್ನೆ – ಆಟದ ಅಂಕಣ

ಕಳೆದ ಸಂಚಿಕೆಯಲ್ಲಿ ಅಮೆರಿಕದ ನಾಸ್ಕಾರ್ ಕಾರ್ ಓಟಗಳ ಬಗ್ಗೆ ಬರೆದಿದ್ದೆ. 2024ರ ಆಗಸ್ಟ್‌ನಲ್ಲಿ ರಿಚ್ಮಂಡ್‌ನಲ್ಲಿ ಆಸ್ಟಿನ್ ಡಿಲನ್ ಕೊನೇ ತಿರುವಿನಲ್ಲಿ ಇಬ್ಬರಿಗೆ ಗುದ್ದಿ ಗೆದ್ದದ್ದು ನನಗೆ ಒಪ್ಪಿಗೆಯಿಲ್ಲ ಅಂತ ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೇ ಬೆಳಗಾವಿ, ಗೋಕಾಕ, ಜಮಖಂಡಿ, ಬಾಗಲಕೋಟೆಯಿಂದ ಪತ್ರಗಳು ಬಂದಿವೆ. ಕೆಲವರು ನನ್ನ ಜೊತೆ, ಕೆಲವರು ಜಗಳಕ್ಕೇ ನಿಂತಿದ್ದಾರೆ. ನಮ್ಮ ಕಡೆ ಈ ಓಟವನ್ನು ರಾತ್ರಿ ನಿದ್ದೆಗೆಟ್ಟು ನೋಡುವವರು ಇಷ್ಟು ಜನ ಇದ್ದಾರೆ ಅನ್ನೋದೇ ನನಗೆ ಖುಷಿ. ಹಾಗಾಗಿ ಕ್ರಿಕೆಟ್, ಕಬಡ್ಡಿ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟು ಈ ಸಲ ಇದನ್ನೇ ತೆಗೆದುಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ವಿಜಯಪುರದಲ್ಲಿ ಸೈಕಲ್ ಓಟದ ಹುಡುಗ ಹುಡುಗಿಯರಿಗೆ ತರಬೇತಿ ಕೊಡುವವನು. ಕಾರ್ ಓಟವನ್ನೂ ಅದೇ ಕಣ್ಣಿನಿಂದ ನೋಡುತ್ತೇನೆ.

ಪ್ರಶ್ನೆ: ಸರ್, ಎಫ್-1ರಲ್ಲಿ ಚಕ್ರಕ್ಕೆ ಚಕ್ರ ತಾಗಿದರೆ ತಕ್ಷಣ ವಿಚಾರಣೆ, ದಂಡ. ನಾಸ್ಕಾರ್‌ನಲ್ಲಿ ಬಾಗಿಲಿಗೆ ಬಾಗಿಲು ಉಜ್ಜಿಕೊಂಡೇ ಓಡಿಸುತ್ತಾರೆ, ಯಾರೂ ಕೇಳುವುದಿಲ್ಲ. ಇದೆಂಥ ಆಟ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಟಿಳಕವಾಡಿ, ಬೆಳಗಾವಿ

ಉತ್ತರ: ತಮ್ಮಾ, ಮೊದಲು ಗಾಡಿ ನೋಡು. ಎಫ್-1 ಕಾರಿನ ಚಕ್ರಗಳು ಹೊರಗೆ ತೆರೆದುಕೊಂಡಿರುತ್ತವೆ. ಓಡುವ ಎರಡು ಚಕ್ರ ಒಂದಕ್ಕೊಂದು ತಾಗಿದರೆ ಗಾಡಿ ಗಾಳಿಗೆ ಏಳಬಹುದು. ನಾಸ್ಕಾರ್‌ನಲ್ಲಿ ಓಡುವ ಸ್ಟಾಕ್ ಕಾರಿನ ಚಕ್ರಗಳು ನಮ್ಮ ರಸ್ತೆ ಕಾರಿನ ಹಾಗೆ ಬಾಡಿಯ ಒಳಗೆ ಇರುತ್ತವೆ. ತೂಕ ಸುಮಾರು ಒಂದೂವರೆ ಟನ್. 2022ರಲ್ಲಿ ಬಂದ ಹೊಸ ಕಾರಿನ ಬಾಡಿ ತಗಡಿನದೂ ಅಲ್ಲ, ಕಾಂಪೋಸಿಟ್‌ನದು. ಸಣ್ಣಪುಟ್ಟ ಏಟಿಗೆ ನೆಗ್ಗುವುದಿಲ್ಲ.

ಇನ್ನು ಟ್ರ್ಯಾಕ್. ಬ್ರಿಸ್ಟಲ್‌ನ ಒಂದು ಸುತ್ತು ಸುಮಾರು 858 ಮೀಟರ್ ಅಷ್ಟೇ. ಅಲ್ಲಿ ಮೂವತ್ತೈದಕ್ಕೂ ಜಾಸ್ತಿ ಕಾರು ಒಟ್ಟಿಗೆ ಓಡುತ್ತವೆ. ಒಂದು ಸುತ್ತಿಗೆ ಹದಿನೈದು, ಹದಿನಾರು ಸೆಕೆಂಡು. ಹೀಗೆ ಐನೂರು ಸುತ್ತು. ಯಾರಿಗೂ ತಾಗದೆ ಓಡಿಸು ಅಂದರೆ ಓಟವೇ ನಡೆಯುವುದಿಲ್ಲ.

ಅಲ್ಲಿ ಒಂದು ಹಳೇ ಪಟ್ಟು ಇದೆ, ‘ಬಂಪ್ ಅಂಡ್ ರನ್’ ಅಂತಾರೆ. ತಿರುವಿನಲ್ಲಿ ಮುಂದಿನವನ ಹಿಂದಿನ ಬಂಪರಿಗೆ ಹಗುರವಾಗಿ ತಾಗಿಸಬೇಕು. ಅವನ ಹಿಂದಿನ ಟಯರಿನ ಹಿಡಿತ ಒಂದು ಕ್ಷಣ ತಪ್ಪುತ್ತದೆ. ಅವನು ಸ್ವಲ್ಪ ಮೇಲಕ್ಕೆ, ಅಂದರೆ ಹೊರಗಿನ ಗೋಡೆಯ ಕಡೆಗೆ, ಜಾರುತ್ತಾನೆ. ಕೆಳಗೆ ತೆರವಾದ ಜಾಗದಲ್ಲಿ ನೀನು ನುಗ್ಗಬೇಕು. 2016ರ ಏಪ್ರಿಲ್‌ನಲ್ಲಿ ಇದೇ ರಿಚ್ಮಂಡ್‌ನಲ್ಲಿ ಕಾರ್ಲ್ ಎಡ್ವರ್ಡ್ಸ್ ತನ್ನದೇ ತಂಡದ ಕೈಲ್ ಬುಶ್‌ಗೆ ಕೊನೇ ತಿರುವಿನಲ್ಲಿ ಹೀಗೆ ಮಾಡಿ ಗೆದ್ದ. ಬುಶ್ ಎರಡನೆಯವನಾದ. ಗಾಡಿಗೆ ಏನೂ ಆಗಲಿಲ್ಲ. ನನ್ನ ಪ್ರಕಾರ ಅದು ಚೊಕ್ಕ ಓಟ.

ಪ್ರಶ್ನೆ: ಗುದ್ದಿದರೆ ಗುದ್ದಿದಂಗ ಅಲ್ಲೇನ್ರೀ? ಎಡಕ್ಕೆ ಗುದ್ದಿದರೇನು, ಬಲಕ್ಕೆ ಗುದ್ದಿದರೇನು? ‘ರೈಟ್ ರಿಯರ್’ ಅಂತ ಅಷ್ಟೊಂದು ಗಲಾಟೆ ಯಾಕೆ?
– ವರ್ಕ್‌ಶಾಪ್ ಕೆಲಸಗಾರರು, ಉದ್ಯಮಬಾಗ, ಬೆಳಗಾವಿ

ಉತ್ತರ: ಅಣ್ಣಾರೇ, ಲೋಹದ ಜೊತೆ ಕೆಲಸ ಮಾಡುವ ನಿಮಗೆ ಇದು ಬೇಗ ತಿಳಿಯುತ್ತದೆ. ಅಂಡಾಕಾರದ ಈ ಟ್ರ್ಯಾಕುಗಳಲ್ಲಿ ಯಾವಾಗಲೂ ಎಡಕ್ಕೇ ತಿರುಗುತ್ತಾರೆ. ಗೋಡೆ ಇರುವುದು ಬಲಕ್ಕೆ. ಪಕ್ಕದ ಕಾರಿನ ಬಲ ಹಿಂಭಾಗವನ್ನು ನೀವು ಎಡಕ್ಕೆ ತಳ್ಳಿದರೆ ಅದರ ಮೂತಿ ಏನಾಗುತ್ತದೆ? ಬಲಕ್ಕೆ ಹೊರಳುತ್ತದೆ. ಅಂದರೆ ನೇರ ಗೋಡೆಗೆ. ಬ್ರೇಕ್ ಹಾಕಲು, ಸ್ಟೇರಿಂಗ್ ತಿರುಗಿಸಲು ಸಮಯವೇ ಇರುವುದಿಲ್ಲ. ಬದಿ ತಾಗಿ ಉಜ್ಜಿಕೊಂಡು ನಿಂತರೆ ಏಟು ಹಂಚಿಹೋಗುತ್ತದೆ. ಮೂತಿ ಹೊಡೆದು ನಿಂತರೆ ಅಷ್ಟೂ ಏಟು ಒಂದೇ ಸಲ ಚಾಲಕನ ಕುತ್ತಿಗೆಗೆ ಬರುತ್ತದೆ.

ಇದು ಸುಮ್ನೆ ಹೇಳುವ ಮಾತಲ್ಲ. 2001ರ ಫೆಬ್ರುವರಿ 18ರಂದು ಡೇಟೋನಾ 500 ಓಟದ ಕೊನೇ ಸುತ್ತಿನಲ್ಲಿ ಡೇಲ್ ಅರ್ನ್‌ಹಾರ್ಟ್ ಸತ್ತದ್ದು ಗೋಡೆಗೆ ಹೊಡೆದ ಏಟಿನಿಂದಲೇ. ತಲೆಬುರುಡೆಯ ಬುಡ ಒಡೆದಿತ್ತು. ಅದಕ್ಕೂ ಮುಂಚಿನ ಒಂದು ವರ್ಷದೊಳಗೆ ಆ್ಯಡಮ್ ಪೆಟ್ಟಿ, ಕೆನ್ನಿ ಅರ್ವಿನ್, ಟೋನಿ ರೋಪರ್ ಮೂವರು ಚಾಲಕರೂ ಹೋಗಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ತಲೆ ಕುತ್ತಿಗೆ ಹಿಡಿದಿಡುವ ಪಟ್ಟಿಯನ್ನು ನಾಸ್ಕಾರ್ ಕಡ್ಡಾಯ ಮಾಡಿತು. ಏಟು ನುಂಗುವ ಗೋಡೆಗಳು ಆಮೇಲೆ ಬಂದವು. ಈಗ ಗೋಡೆಗೆ ಹೊಡೆದವನು ಸಾಮಾನ್ಯವಾಗಿ ಎದ್ದು ನಡೆದು ಬರುತ್ತಾನೆ, ನಿಜ. ಎದ್ದು ಬರುತ್ತಾನೆ ಅಂತ ಬೇಕೆಂದೇ ಗೋಡೆಗೆ ಹಾಕಬಹುದಾ?

ಪ್ರಶ್ನೆ: ಡಿಲನ್ ಮಾಡಿದ್ದು ತಪ್ಪು ಅಂತೀರಿ. ಗೆಲ್ಲೋಕೇ ಅಲ್ವಾ ಅಲ್ಲಿಗೆ ಹೋಗಿದ್ದು? ಇಡೀ ವರ್ಷ ಸೋತವನಿಗೆ ಕೊನೇ ತಿರುವಿನಲ್ಲಿ ಅವಕಾಶ ಸಿಕ್ಕರೆ ಸುಮ್ನೆ ಕೈಕಟ್ಟಿ ಕೂರಬೇಕಾ?
– ಓದುಗರು, ವಿದ್ಯಾಗಿರಿ, ಬಾಗಲಕೋಟೆ

ಉತ್ತರ: ಈ ಸಲದ ಗಟ್ಟಿ ಪ್ರಶ್ನೆ ಇದು. ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಅವತ್ತು ಡಿಲನ್ ಪಾಯಿಂಟ್ ಪಟ್ಟಿಯಲ್ಲಿ 32ನೆಯವನು. ಆಗಿನ ನಿಯಮದ ಪ್ರಕಾರ ಒಂದೇ ಒಂದು ಓಟ ಗೆದ್ದರೂ ಪ್ಲೇಆಫ್‌ನ ಹದಿನಾರು ಜನರಲ್ಲಿ ಜಾಗ ಸಿಗುತ್ತಿತ್ತು. ಅವನು ಒಳ್ಳೇ ಓಟವನ್ನೇ ಓಡಿಸಿದ್ದ. ಎರಡು ಸುತ್ತು ಉಳಿದಾಗ ಮುಂದಿದ್ದವನು ಅವನೇ. ಅಷ್ಟರಲ್ಲಿ ಹಿಂದೆ ಬೇರೆ ಇಬ್ಬರು ಡಿಕ್ಕಿಯಾದರು, ಹಳದಿ ಬಾವುಟ ಬಂತು, ಎಲ್ಲರೂ ವೇಗ ಇಳಿಸಿ ಮತ್ತೆ ಒಟ್ಟಿಗೆ ಸೇರಿದರು. ಮತ್ತೆ ಓಟ ಶುರುವಾದಾಗ ಜೋಯಿ ಲೋಗಾನೋ ಮುಂದೆ ಹೋದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗೆ. ಡಿಲನ್‌ನ ಹೊಟ್ಟೆ ಉರಿದಿರಲೇಬೇಕು. ಅದು ನನಗೆ ಅರ್ಥವಾಗುತ್ತದೆ.

ಕೊನೇ ಸುತ್ತಿನ ಮೂರನೇ ತಿರುವು. ಡಿಲನ್ ಹಿಂದಿನಿಂದ ಬಂದು ಲೋಗಾನೋಗೆ ಗುದ್ದಿದ. ಲೋಗಾನೋ ಗಿರಕಿ ಹೊಡೆದ. ಆ ಗ್ಯಾಪಿನಲ್ಲಿ ಡೆನ್ನಿ ಹ್ಯಾಮ್ಲಿನ್ ಒಳಗಿನಿಂದ ನುಗ್ಗಿದ. ಡಿಲನ್ ಎಡಕ್ಕೆ ತಿರುಗಿಸಿ ಅವನ ಬಲ ಹಿಂಭಾಗಕ್ಕೆ ಹೊಡೆದ. ಹ್ಯಾಮ್ಲಿನ್ ಗೋಡೆಗೆ. ಡಿಲನ್ ಗೆರೆ ದಾಟಿದ. ಅಷ್ಟರಲ್ಲೇ ರೇಡಿಯೋದಲ್ಲಿ ಅವನ ಸ್ಪಾಟರ್, ಅಂದರೆ ಮೇಲಿನಿಂದ ದಾರಿ ಹೇಳುವವನು, ಹ್ಯಾಮ್ಲಿನ್‌ನನ್ನು ಹೊಡೆದು ಹಾಕು ಅಂತ ಕೂಗಿದ್ದೂ ಎಲ್ಲರಿಗೂ ಕೇಳಿಸಿತು.

ನಾನು ಇಂಥ ಗುದ್ದಿಗೆ ಎರಡು ಪ್ರಶ್ನೆ ಕೇಳುತ್ತೇನೆ. ಒಂದು: ಎದುರಿಗೆ ಆ ಕಾರು ಇಲ್ಲದೇ ಇದ್ದಿದ್ದರೆ ನೀನು ಆ ತಿರುವು ತಿರುಗುತ್ತಿದ್ದೆಯಾ? ಡಿಲನ್ ಬಂದ ವೇಗ ನೋಡಿ. ನನ್ನ ಕಣ್ಣಿಗೆ ಅವನು ತಿರುವಿಗೆ ಅಂತ ಬರಲೇ ಇಲ್ಲ. ಲೋಗಾನೋನ ಗಾಡಿಯನ್ನೇ ಬ್ರೇಕ್ ಮಾಡಿಕೊಂಡ. ಎಡ್ವರ್ಡ್ಸ್ 2016ರಲ್ಲಿ ತಾನೂ ತಿರುಗುತ್ತಾ ತಾಗಿಸಿದ್ದ. ವ್ಯತ್ಯಾಸ ಇಲ್ಲಿದೆ. ಎರಡು: ಗುದ್ದಿಸಿಕೊಂಡವನು ಆಮೇಲೂ ಓಡಿಸಬಲ್ಲನಾ? ಕೈಲ್ ಬುಶ್ ಓಡಿಸಿದ, ಎರಡನೆಯವನಾದ. ಹ್ಯಾಮ್ಲಿನ್‌ಗೆ ಗೋಡೆ ಬಿಟ್ಟು ಬೇರೆ ದಾರಿಯೇ ಇರಲಿಲ್ಲ.

ಲೋಗಾನೋಗೆ ಬಿದ್ದ ಏಟಿನ ಬಗ್ಗೆ ನಿಮ್ಮ ಜೊತೆ ಚಹಾ ಕುಡಿಯುತ್ತಾ ವಾದ ಮಾಡಲು ನಾನು ತಯಾರು. ಹ್ಯಾಮ್ಲಿನ್‌ಗೆ ಬಿದ್ದ ಏಟಿನ ಬಗ್ಗೆ ವಾದವೇ ಇಲ್ಲ.

ಕೈಕಟ್ಟಿ ಕೂರಬೇಕಾ ಅಂತ ಕೇಳಿದ್ದೀರಿ. ಯಾರು ಹೇಳಿದರು? ತಾಗಿಸಲಿ, ಜಾರಿಸಲಿ, ಬಾಗಿಲಿಗೆ ಬಾಗಿಲು ಉಜ್ಜಲಿ. ಕೊನೇ ತಿರುವಿನಲ್ಲಿ ಏನೂ ಮಾಡದೆ ಹಿಂದೆ ಹಿಂದೆ ಹೋಗುವವನನ್ನು ನೋಡಲು ನಾನೂ ನಡುರಾತ್ರಿ ಎದ್ದು ಕೂರುವುದಿಲ್ಲ.

ಮೂರು ದಿನಗಳ ನಂತರ ನಾಸ್ಕಾರ್ ತೀರ್ಪು ಕೊಟ್ಟಿತು. ಗೆಲುವು ಲೆಕ್ಕದಲ್ಲಿ ಉಳಿಯಿತು, ಆದರೆ ಆ ಗೆಲುವಿನಿಂದ ಸಿಗುವ ಪ್ಲೇಆಫ್ ಜಾಗ ಹೋಯಿತು. ಸ್ಪಾಟರ್‌ಗೆ ಮೂರು ಓಟದ ನಿಷೇಧ. ತಂಡ ಮೇಲ್ಮನವಿ ಹಾಕಿತು, ಪ್ಲೇಆಫ್ ಜಾಗ ಮಾತ್ರ ವಾಪಸ್ ಬರಲಿಲ್ಲ. ನನಗೆ ಇದು ಅರ್ಧ ನ್ಯಾಯ. ಗೆಲುವಿನ ಹಣ್ಣು ಕಿತ್ತುಕೊಂಡು ಗೆಲುವನ್ನು ಹಾಗೇ ಬಿಟ್ಟರೆ ಹೇಗೆ? ಗೆದ್ದವನ ಹೆಸರಿನಲ್ಲಿ ಇವತ್ತಿಗೂ ಡಿಲನ್ ಅಂತಲೇ ಇದೆ. ಒಂದು ಗೆಲುವಿಗೆ ಇಡೀ ಋತುವಿನ ಬೆಲೆ ಕಟ್ಟಿದ ಆ ನಿಯಮದ ಪಾಲೂ ಇದರಲ್ಲಿದೆ. ಹಸಿದವನ ಮುಂದೆ ಅಷ್ಟು ದೊಡ್ಡ ತಟ್ಟೆ ಇಟ್ಟವರು ಯಾರು?

ಲೋಗಾನೋ ಅಭಿಮಾನಿಗಳಿಗೂ ಒಂದು ಮಾತು. ಓಟ ಮುಗಿದ ಮೇಲೆ ನಿಮ್ಮವನು ಡಿಲನ್‌ನ ಪಿಟ್, ಅಂದರೆ ಗಾಡಿ ನಿಲ್ಲಿಸಿ ಟಯರ್ ಬದಲಿಸುವ ಜಾಗದ ಹತ್ತಿರ, ಜನ ಓಡಾಡುವಲ್ಲಿ, ಟಯರ್ ಸುಟ್ಟು ಹೊಗೆ ಎಬ್ಬಿಸಿದ. ಅದಕ್ಕೆ 50,000 ಡಾಲರ್ ದಂಡ ಬಿತ್ತು. ಸರಿಯಾಗೇ ಬಿತ್ತು. ಅದೇ ವರ್ಷ ಅವನೇ ಚಾಂಪಿಯನ್ ಆದ ಅನ್ನೋದು ಬೇರೆ ವಿಷಯ.

ಪ್ರಶ್ನೆ: ಸರ್, ನಾನು ಸೈಕಲ್ ಓಡಿಸುತ್ತೇನೆ. ಸ್ಪ್ರಿಂಟ್‌ನಲ್ಲಿ ಮೊಣಕೈ ತಾಗುವುದು ಇದ್ದದ್ದೇ. ಎಲ್ಲಿಯವರೆಗೆ ಸರಿ?
– ಕಾಲೇಜು ವಿದ್ಯಾರ್ಥಿನಿ, ತಿಕೋಟಾ, ವಿಜಯಪುರ ಜಿಲ್ಲೆ

ಉತ್ತರ: ತಂಗೀ, ನಿಯಮ ಸರಳ. ಸ್ಪ್ರಿಂಟ್ ಶುರುವಾದ ಮೇಲೆ ಹಿಡಿದ ಸಾಲು ಬಿಡಬಾರದು. ನಿನ್ನ ಸಾಲಿನಲ್ಲಿ ನೀನು, ಅವಳ ಸಾಲಿನಲ್ಲಿ ಅವಳು ಇದ್ದು ಭುಜ ತಾಗಿದರೆ ಅದು ಓಟ. ಸಾಲು ಬಿಟ್ಟು ಅಡ್ಡ ಬಂದರೆ ನಿನ್ನನ್ನು ಗುಂಪಿನ ಕೊನೇ ಸ್ಥಾನಕ್ಕೆ ಹಾಕುತ್ತಾರೆ.

ಅಥಣಿ ರಸ್ತೆಯಲ್ಲಿ ಒಂದು ಓಟ. ಕೊನೇ ಇನ್ನೂರು ಮೀಟರ್‌ನಲ್ಲಿ ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗಿ ಎಡ ಅಂಚಿನಿಂದ ಏರಿ ಬರುತ್ತಿದ್ದಳು. ಮುಂದಿದ್ದವಳು ಒಂದು ಸಲ ಹಿಂತಿರುಗಿ ನೋಡಿದಳು, ಆಮೇಲೆ ಎಡಕ್ಕೆ ಸರಿದಳು. ಸರಿಯುತ್ತಲೇ ಹೋದಳು. ಡಾಂಬರು ಮುಗಿದು ಗರಸು ಶುರುವಾಗುವ ಜಾಗದಲ್ಲಿ ನಮ್ಮ ಹುಡುಗಿಯ ಮುಂದಿನ ಗಾಲಿ ಜಾರಿತು. ಮೊಣಕಾಲಿನಿಂದ ಸೊಂಟದವರೆಗೆ ಚರ್ಮ ಕಿತ್ತುಬಂದಿತ್ತು. ಡೆಟಾಲ್ ಹಚ್ಚಿ ಹರಳು ತೆಗೆಯುವಾಗ ಅವಳು ಅಳಲಿಲ್ಲ. ‘ಸರ್, ನಾ ಎಲ್ಲಿಗೆ ಹೋಗಬೇಕಿತ್ತರೀ?’ ಅಂತ ಕೇಳಿದಳು. ತೀರ್ಪುಗಾರರು ಅಡ್ಡ ಬಂದವಳನ್ನು ಅಲ್ಲೇ, ಹತ್ತು ನಿಮಿಷದೊಳಗೆ ಕೊನೇ ಸ್ಥಾನಕ್ಕೆ ಹಾಕಿದರು. ಮೂರು ದಿನ ಕಾಯಿಸಲಿಲ್ಲ.

ದೊಡ್ಡವರ ಓಟದಲ್ಲೂ ಇದೇ ಕಥೆ. 2020ರ ಆಗಸ್ಟ್‌ನಲ್ಲಿ ಪೋಲೆಂಡ್ ಟೂರ್‌ನ ಸ್ಪ್ರಿಂಟ್‌ನಲ್ಲಿ ಸೈಕಲ್ ಓಟಗಾರ ಡೈಲನ್ ಗ್ರೋನೆವೆಗೆನ್ ಅಡ್ಡ ಬಂದು ಫೇಬಿಯೋ ಯಾಕೊಬ್ಸೆನ್‌ನನ್ನು ಬೇಲಿಗೆ ತಳ್ಳಿದ. ಯಾಕೊಬ್ಸೆನ್ ಕೋಮಾದಲ್ಲಿದ್ದ. ತಳ್ಳಿದವನಿಗೆ ಒಂಬತ್ತು ತಿಂಗಳು ನಿಷೇಧ. ಯಾಕೊಬ್ಸೆನ್ ಮರುವರ್ಷವೇ ಸ್ಪೇನ್ ಟೂರ್‌ನಲ್ಲಿ ಮೂರು ಹಂತ ಗೆದ್ದ. ಅವನ ಗಟ್ಟಿತನಕ್ಕೆ ನಾನು ತಲೆಬಾಗುತ್ತೇನೆ.

ಪ್ರಶ್ನೆ: ಅರ್ನ್‌ಹಾರ್ಟ್ ಗುದ್ದಿದರೆ ‘ಗಂಡೆದೆ’, ಡಿಲನ್ ಗುದ್ದಿದರೆ ಅಪರಾಧವಾ? ಅಳತೆ ಎರಡೆರಡು ಯಾಕೆ?
– ಬ್ಯಾಂಕ್ ಉದ್ಯೋಗಿ, ಇಂಡಿ

ಉತ್ತರ: ನನ್ನ ಹತ್ತಿರ ಒಂದೇ ಅಳತೆ. ಏಳು ಸಲ ಚಾಂಪಿಯನ್ ಆದ ಅರ್ನ್‌ಹಾರ್ಟ್ ನನಗೂ ದೊಡ್ಡವನು. ಆದರೆ 1999ರ ಆಗಸ್ಟ್‌ನ ಬ್ರಿಸ್ಟಲ್ ರಾತ್ರಿ ಓಟ ನೋಡಿ. ಟೆರಿ ಲಬಾಂಟಿ ಹೊಸ ಟಯರ್ ಹಾಕಿಕೊಂಡು ಹಿಂದಿನಿಂದ ಬಂದು ಒಬ್ಬೊಬ್ಬರನ್ನೇ ದಾಟಿ, ಕೊನೇ ಸುತ್ತಿಗೆ ಮುನ್ನ ಅರ್ನ್‌ಹಾರ್ಟ್‌ನನ್ನೂ ದಾಟಿದ. ಕೊನೇ ಸುತ್ತಿನಲ್ಲಿ ಅರ್ನ್‌ಹಾರ್ಟ್ ಹಿಂದಿನಿಂದ ಹೊಡೆದು ಅವನನ್ನು ಗಿರಗಿರ ತಿರುಗಿಸಿ ಗೆದ್ದ. ತಿರುಗಿಸಬೇಕು ಅಂತ ಇರಲಿಲ್ಲ, ಸ್ವಲ್ಪ ಬೆದರಿಸಬೇಕು ಅಂತಿತ್ತು ಎಂಬರ್ಥದ ಮಾತು ಹೇಳಿದ. ಅವನ ಅಭಿಮಾನಿಗಳೇ ತುಂಬಿದ್ದ ಆ ಮೈದಾನದಲ್ಲಿ ಜನ ಜೋರಾಗಿ ಕೂಗಿ ಬೈದರು. ಅವತ್ತು ಜನ ಸರಿ ಇದ್ದರು. ಆದರೂ ಅಧಿಕಾರಿಗಳು ಗೆಲುವನ್ನು ಮುಟ್ಟಲಿಲ್ಲ. ಅದು ಅವನ ದೊಡ್ಡ ಹೆಸರಿಗೆ ಸಿಕ್ಕ ರಿಯಾಯಿತಿ ಅಂತಲೇ ನಾನು ಹೇಳುವುದು.

ನನಗೆ ಇನ್ನೂ ಇಷ್ಟವಾದದ್ದು 1995ರ ಬ್ರಿಸ್ಟಲ್. ಅಲ್ಲೂ ಕೊನೆಯಲ್ಲಿ ಅರ್ನ್‌ಹಾರ್ಟ್ ಲಬಾಂಟಿಗೆ ಗುದ್ದಿದ್ದ. ಲಬಾಂಟಿ ಗಾಡಿ ಅಡ್ಡ ತಿರುಗಿ, ಮುರಿದುಕೊಂಡು, ಹಾಗೇ ಗೆರೆ ದಾಟಿ ಗೆದ್ದೇ ಬಿಟ್ಟ!

ಪ್ರಶ್ನೆ: ನಮ್ಮ ಶಾಲೆಯ ಹುಡುಗರು ಮ್ಯಾಟ್ ಕೆನ್ಸೆತ್ ಸೇಡು ತೀರಿಸಿಕೊಂಡ ವಿಡಿಯೋ ನೋಡಿ ಚಪ್ಪಾಳೆ ಹೊಡೆಯುತ್ತಾರೆ. ಅವರಿಗೆ ಏನು ಹೇಳಲಿ?
– ಶಿಕ್ಷಕಿ, ಜಮಖಂಡಿ

ಉತ್ತರ: ಟೀಚರ್, ಅವರಿಗೆ ಪೂರ್ತಿ ಕಥೆ ಹೇಳಿ. 2015ರ ಅಕ್ಟೋಬರ್‌ನಲ್ಲಿ ಕ್ಯಾನ್ಸಸ್‌ನಲ್ಲಿ ಕೆನ್ಸೆತ್ ಮುಂದಿದ್ದ. ಕೆಲವೇ ಸುತ್ತು ಉಳಿದಿದ್ದಾಗ ಇದೇ ಲೋಗಾನೋ ಗುದ್ದಿ ಅವನನ್ನು ತಿರುಗಿಸಿ ಗೆದ್ದ. ಮುಂದಿನ ವಾರ ಕೆನ್ಸೆತ್ ಪ್ರಶಸ್ತಿ ಸ್ಪರ್ಧೆಯಿಂದಲೇ ಹೊರಬಿದ್ದ. ನವೆಂಬರ್ 1ರಂದು ಮಾರ್ಟಿನ್ಸ್‌ವಿಲ್‌ನಲ್ಲಿ ಅವನ ಗಾಡಿ ಹಾಳಾಗಿ ಎಷ್ಟೋ ಸುತ್ತು ಹಿಂದಿತ್ತು. ಗೆಲ್ಲುವ ಆಸೆಯೇ ಇರಲಿಲ್ಲ. ಮುಂದಿದ್ದ ಲೋಗಾನೋ ಹತ್ತಿರ ಬಂದಾಗ ಅವನನ್ನು ಗೋಡೆಗೆ ಒತ್ತಿದ. ಜನ ಎದ್ದು ನಿಂತು ಕೇಕೆ ಹಾಕಿದರು. ನಾಸ್ಕಾರ್ ಅವನನ್ನು ಎರಡು ಓಟಕ್ಕೆ ಹೊರಗಿಟ್ಟಿತು.

ಕ್ಯಾನ್ಸಸ್‌ನಲ್ಲಿ ಲೋಗಾನೋ ಮಾಡಿದ್ದು ಒರಟು. ಆದರೆ ಅವನು ಓಟ ಗೆಲ್ಲಲು ಹೊರಟಿದ್ದ. ಮಾರ್ಟಿನ್ಸ್‌ವಿಲ್‌ನಲ್ಲಿ ಕೆನ್ಸೆತ್ ಓಟದಲ್ಲೇ ಇರಲಿಲ್ಲ. ಗಾಡಿಯನ್ನು ಆಯುಧ ಮಾಡಿಕೊಂಡಿದ್ದ. ಇಷ್ಟನ್ನು ಮಕ್ಕಳಿಗೆ ತೋರಿಸಿದರೆ ಸಾಕು, ಉಳಿದದ್ದನ್ನು ಅವರೇ ಮಾತಾಡಿಕೊಳ್ಳುತ್ತಾರೆ.

ನನ್ನ ಸಿಟ್ಟು ಅಧಿಕಾರಿಗಳ ಮೇಲೂ ಇದೆ. 2012ರಲ್ಲಿ ಫೀನಿಕ್ಸ್‌ನಲ್ಲಿ ಜೆಫ್ ಗಾರ್ಡನ್ ಹೀಗೇ ಕಾದು ಕುಳಿತು ಕ್ಲಿಂಟ್ ಬೋಯರ್‌ಗೆ ಹೊಡೆದಾಗ ಒಂದು ಲಕ್ಷ ಡಾಲರ್ ದಂಡ, 25 ಪಾಯಿಂಟ್ ಕಡಿತ. ಒಂದು ಓಟವೂ ತಪ್ಪಲಿಲ್ಲ. 2022ರಲ್ಲಿ ಬಬ್ಬಾ ವಾಲೆಸ್‌ಗೆ, 2023ರಲ್ಲಿ ಚೇಸ್ ಎಲಿಯಟ್‌ಗೆ ಒಂದೊಂದು ಓಟದ ನಿಷೇಧ. ಒಂದೇ ತಪ್ಪಿಗೆ ಒಬ್ಬೊಬ್ಬರಿಗೆ ಒಂದೊಂದು ಶಿಕ್ಷೆ ಕೊಟ್ಟರೆ ಚಾಲಕ ಲೆಕ್ಕ ಹಾಕಲು ಶುರು ಮಾಡುತ್ತಾನೆ. ಬಲ ಹಿಂಭಾಗಕ್ಕೆ ಬೇಕೆಂದೇ ಹೊಡೆದವನಿಗೆ ಅದೇ ದಿನ ಕೊನೇ ಸ್ಥಾನ, ಮುಂದಿನ ಓಟ ಇಲ್ಲ. ಎಲ್ಲರಿಗೂ ಇದೇ. ಇಷ್ಟು ಮಾಡಲು ಏನು ಕಷ್ಟ?

ಪ್ರಶ್ನೆ: ರಾಸ್ ಚಾಸ್ಟೇನ್ ಗೋಡೆಗೆ ಉಜ್ಜಿಕೊಂಡು ಐದು ಜನರನ್ನು ದಾಟಿದ್ದು ಮೋಸವಲ್ಲವೇ?
– ಓದುಗರು, ಅಥಣಿ

ಉತ್ತರ: ಅಲ್ಲವೇ ಅಲ್ಲ. 2022ರ ಅಕ್ಟೋಬರ್ 30, ಮಾರ್ಟಿನ್ಸ್‌ವಿಲ್. ಕೊನೇ ಸುತ್ತಿನಲ್ಲಿ ಐದನೇ ಗೇರ್ ಹಾಕಿ, ಗೋಡೆಗೆ ಒರಗಿ, ಕಾಲು ಎತ್ತದೆ ಬಂದ. ಯಾರನ್ನೂ ಮುಟ್ಟಲಿಲ್ಲ. ಅಪಾಯ ತನ್ನ ಮೈಮೇಲೆ ಹಾಕಿಕೊಂಡ. ನಾನು ಮನೆಯವರೆಲ್ಲ ಏಳುವ ಹಾಗೆ ಕೂಗಿದೆ. ಆಮೇಲೆ ಅದಕ್ಕೆ ದಂಡ ಹಾಕುತ್ತೇವೆ ಅಂತ ನಾಸ್ಕಾರ್ ಹೇಳಿದ್ದೂ ಸರಿ. ಬೇಲಿಯ ಆಚೆ ಜನ ಕೂತಿರುತ್ತಾರೆ.

ಪ್ರಶ್ನೆ: ನಮ್ಮ ವಾಟ್ಸಾಪ್ ಗುಂಪಿನಲ್ಲಿ ಡಿಲನ್ ವಿಷಯಕ್ಕೆ ಎರಡು ಬಣ ಆಗಿದೆ. ಇಬ್ಬರು ಹಳೇ ಸ್ನೇಹಿತರು ಮಾತು ಬಿಟ್ಟಿದ್ದಾರೆ. ಹ್ಯಾಮ್ಲಿನ್‌ಗೆ ಕೆಟ್ಟ ಕೆಟ್ಟ ಮಾತು ಬರೆಯುವವರೂ ಇದ್ದಾರೆ.
– ಓದುಗರು, ಗೋಕಾಕ

ಉತ್ತರ: 2001ರಲ್ಲಿ ಅರ್ನ್‌ಹಾರ್ಟ್ ಸತ್ತಾಗ ಕೊನೇ ಸುತ್ತಿನಲ್ಲಿ ಅವನ ಗಾಡಿಗೆ ಮೊದಲು ತಾಗಿದ್ದು ಸ್ಟರ್ಲಿಂಗ್ ಮಾರ್ಲಿನ್‌ನ ಗಾಡಿ. ಮಾರ್ಲಿನ್ ಬೇಕೆಂದು ಏನೂ ಮಾಡಿರಲಿಲ್ಲ. ಆದರೂ ಅವನಿಗೆ ಕೊಲೆ ಬೆದರಿಕೆ ಬಂತು. ಆಗ ಅವನ ಪರವಾಗಿ ಮಾತಾಡಿದವನು ಅರ್ನ್‌ಹಾರ್ಟ್‌ನ ಮಗ, ಡೇಲ್ ಅರ್ನ್‌ಹಾರ್ಟ್ ಜೂನಿಯರ್. ಅಪ್ಪ ಸತ್ತು ಕೆಲವೇ ದಿನವಾಗಿತ್ತು. ಮಾರ್ಲಿನ್‌ನ ತಪ್ಪಿಲ್ಲ, ಅವನನ್ನು ದೂರಬೇಡಿ ಅಂತ ಜನರ ಮುಂದೆ ಹೇಳಿದ. ಈ ಆಟದಲ್ಲಿ ನಾನು ಅತಿ ಹೆಚ್ಚು ಗೌರವ ಕೊಡುವ ಕೆಲಸ ಅದು. ಅದನ್ನು ಅವನು ಮಾಡಿದ್ದು ಕಾರಿನಿಂದ ಹೊರಗೆ ನಿಂತು. ಆ ಇಬ್ಬರು ಸ್ನೇಹಿತರಿಗೆ ಈ ಉತ್ತರ ಕಳಿಸಿ. ಜೊತೆಗೆ 2003ರ ಡಾರ್ಲಿಂಗ್ಟನ್ ಓಟದ ಕೊನೇ ಸುತ್ತುಗಳನ್ನೂ ಕಳಿಸಿ. ಪವರ್ ಸ್ಟೇರಿಂಗ್ ಕೆಟ್ಟ ಗಾಡಿಯಲ್ಲಿ ಕರ್ಟ್ ಬುಶ್, ಪಕ್ಕದಲ್ಲಿ ರಿಕಿ ಕ್ರೇವನ್. ಗೆರೆಯವರೆಗೂ ಬಾಗಿಲಿಗೆ ಬಾಗಿಲು ಅಂಟಿಕೊಂಡೇ ಬಂದರು. ಯಾರೂ ಯಾರನ್ನೂ ಗೋಡೆಗೆ ಹಾಕಲಿಲ್ಲ. ಕ್ರೇವನ್ ಗೆದ್ದದ್ದು 0.002 ಸೆಕೆಂಡಿನಿಂದ. ಸೋತ ಬುಶ್ ಕೂಡ ಅವನನ್ನು ಅಭಿನಂದಿಸಿದ.

ಪ್ರಶ್ನೆ: ಮಗನಿಗೆ ಕಾರ್ ಓಟದ ಹುಚ್ಚು. ನವನಗರದ ಖಾಲಿ ರಸ್ತೆಯಲ್ಲಿ ಗೆಳೆಯರ ಜೊತೆ ಸ್ಕೂಟಿ ಹಿಡಿದು ಪಂದ್ಯ ಕಟ್ಟುತ್ತಾನೆ. ಸರಿಯಾಗಿ ಕಲಿಯಲು ನಮ್ಮ ಕಡೆ ಏನಾದರೂ ಇದೆಯಾ?
– ಗೃಹಿಣಿ, ನವನಗರ, ಬಾಗಲಕೋಟೆ

ಉತ್ತರ: ಅಕ್ಕಾ, ಸ್ಕೂಟಿ ಕೀಲಿ ಇವತ್ತೇ ತೆಗೆದಿಡಿ. ಆದರೆ ಅವನ ಆಸೆಗೆ ಬೈಯಬೇಡಿ. ಇಂಥ ಅಂಡಾಕಾರದ ಸ್ಟಾಕ್ ಕಾರ್ ಓಟ ನಮ್ಮ ದೇಶದಲ್ಲಿ ನಡೆಯುವುದಿಲ್ಲ. ಕಾರ್ ಓಟದ ಟ್ರ್ಯಾಕ್‌ಗಳು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ, ಕೊಯಮತ್ತೂರಿನಲ್ಲಿವೆ. ನಮಗೆ ಹತ್ತಿರ ಅಂದರೆ ಕೊಲ್ಹಾಪುರ, ಅಲ್ಲಿ ಕಾರ್ಟಿಂಗ್ ಟ್ರ್ಯಾಕ್ ಇದೆ. ದೊಡ್ಡ ಚಾಲಕರಲ್ಲಿ ಬಹಳ ಜನ ಕಾರ್ಟಿಂಗ್‌ನಿಂದಲೇ ಶುರು ಮಾಡಿದವರು. ಹೆಲ್ಮೆಟ್, ಕುತ್ತಿಗೆ ಪಟ್ಟಿ ಕೊಡುತ್ತಾರಾ ಅಂತ ಮೊದಲು ಫೋನ್ ಮಾಡಿ ಕೇಳಿ, ನಂತರ ಕರೆದುಕೊಂಡು ಹೋಗಿ.

ಅಲ್ಲಿ ಅವನಿಗೆ ಒಂದು ವಿಷಯ ತಿಳಿಸಿ. ಅಂತರರಾಷ್ಟ್ರೀಯ ಕಾರ್ಟಿಂಗ್ ಓಟಗಳಲ್ಲಿ ಮುಂದಿನ ಬಂಪರನ್ನು ಗಟ್ಟಿಯಾಗಿ ಬಿಗಿದಿರುವುದಿಲ್ಲ. ಹಗುರ ತಾಗಿದರೆ ಅಲ್ಲೇ ನಿಲ್ಲುತ್ತದೆ, ಜೋರಾಗಿ ಗುದ್ದಿದರೆ ಹಿಂದಕ್ಕೆ ಸರಿದು ಕೂರುತ್ತದೆ. ಗೆರೆ ದಾಟುವಾಗ ಬಂಪರ್ ಜಾಗ ತಪ್ಪಿದ್ದರೆ ಐದು ಸೆಕೆಂಡು ದಂಡ.